ಆ ಮಾತಿನಲ್ಲಿ ಗುಂಡಿ ಎಲ್ಲಿತ್ತು

ಹೆಗಲ ಮೇಲೆ ಕಂಬಳಿ ಹೊತ್ತು ಊರೂರು ತಿರುಗುತ್ತಿದ್ದ ಕಾಲದಲ್ಲೇ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೆ. ಯಾರ ಮನೆಗೆ ವ್ಯಾಪಾರಕ್ಕೆ ಹೋದರೂ ಒಳಗೆ ಕಾಲಿಡುವ ಮುಂಚೆ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುವುದು. ಹೊರಗೆ ಒಣಹಾಕಿದ ಬಟ್ಟೆ, ಕಟ್ಟಿದ ಕರು, ಬಿಟ್ಟ ರಂಗೋಲಿ, ಇವೆಲ್ಲ ಮನೆಯವರು ಬಾಯಿ ತೆರೆಯುವ ಮುಂಚೆಯೇ ಅರ್ಧ ವಿಷಯ ಹೇಳಿಬಿಡುತ್ತವೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಈಗಲೂ ಇದನ್ನೇ ಹೇಳುತ್ತೇನೆ, ಕೇಳಲಿ ಬಿಡಲಿ.

ಆ ದಿನ ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಹಾಗೆ ನಿಂತಾಗ ಕಂಡದ್ದು ಮಣ್ಣಿನ ಗುಡ್ಡೆ. ಗಾಡಿಯಲ್ಲಿ ತಂದು ಸುರಿದ ಕೆಂಪು ಮಣ್ಣು, ಬಾಗಿಲಿಗೆ ಅರ್ಧ ಅಡ್ಡವಾಗಿ ಬಿದ್ದಿತ್ತು. ಮನೆ ಕಟ್ಟುವ ಸೂಚನೆಯೇನೂ ಇರಲಿಲ್ಲ. ಗೋಡೆ ಗಟ್ಟಿಯಾಗಿಯೇ ಇತ್ತು.

ಈ ಇಪ್ಪತ್ತನೇ ಶತಮಾನ ಇನ್ನೂ ಎಳೆಯದಾಗಿದ್ದ ಕಾಲ. ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ಅಷ್ಟು ಹೊತ್ತಿಗೆ ನನಗೆ ಸ್ವಂತ ಗಾಡಿ, ಸ್ವಂತ ಎತ್ತು ಆಗಿದ್ದವು. ಚಳ್ಳಕೆರೆಯಿಂದ ಕಂಬಳಿ ಹೇರಿಕೊಂಡು ಹೋಗುವುದು, ಮೊಳಕಾಲ್ಮುರಿನಿಂದ ರೇಷ್ಮೆ ಸೀರೆ ತರುವುದು. ಆ ಮನೆಯ ನೇಕಾರನ ಸೀರೆ ಎಂದರೆ ನನ್ನ ಗಿರಾಕಿಗಳು ಮದುವೆಗೆ ಮೊದಲೇ ಹೇಳಿಡುತ್ತಿದ್ದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಅವನು ಜ್ವರ ಬಂದು ತೀರಿಕೊಂಡನೆಂದು ದಾರಿಯಲ್ಲಿ ತಿಳಿದಿತ್ತು. ಮಕ್ಕಳಿರಲಿಲ್ಲ. ಹೆಂಡತಿಯನ್ನು ಮಾತಾಡಿಸಿ ಹೋಗೋಣವೆಂದು ಬಂದಿದ್ದೆ.

ಒಳಗೆ ಅವಳು ಗೋಡೆಗೆ ಆತು ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಪಕ್ಕದಲ್ಲಿ ಮಗ್ಗ. ನೇಕಾರರ ಮನೆ ನೋಡದವರಿಗೆ ಹೇಳಬೇಕು: ನಮ್ಮ ಕಡೆಯ ಮಗ್ಗಕ್ಕೆ ನೆಲದಲ್ಲಿ ಒಂದು ಗುಂಡಿ ಇರುತ್ತದೆ. ನೇಯುವವನು ಗುಂಡಿಯ ಬದಿಯ ನೆಲದ ಮೇಲೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತಾ ನೇಯುತ್ತಾನೆ. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣವಾದರೆ ಒಬ್ಬನಿಂದ ಆಗುವುದಿಲ್ಲ. ಅಂಚಿನ ಕಡೆ ಇನ್ನೊಬ್ಬರು ಕೂತು ಅಂಚಿನ ಬಣ್ಣದ ನೂಲು ಹೊತ್ತ ಲಾಳಿಯನ್ನು ಎಸೆದು ಕೊಡಬೇಕು. ಈ ಮನೆಯಲ್ಲಿ ಮದುವೆಯಾದಾಗಿನಿಂದ ಅಂಚಿನ ಕಡೆ ಕೂತಿದ್ದವಳು ಅವಳೇ. ಗಂಡ ಅರ್ಧ ನೇಯ್ದಿದ್ದ ಸೀರೆ ಹಾಗೇ ಮಗ್ಗದ ಮೇಲಿತ್ತು.

"ಏನ್ ತಂಗೀ, ಬಾಗ್ಲಲ್ಲಿ ಮಣ್ಣು?" ಎಂದೆ.

"ನಮ್ಮ ಬಾವನೋರು ತರ್ಸಿದ್ದು, ಅಣ್ಣಾ. ಗುಂಡಿ ಮುಚ್ಚಾಕೆ."

ಅವಳ ಗಂಡನ ಅಣ್ಣ ಎದುರು ಮನೆಯಲ್ಲೇ ಇದ್ದ, ಅವನೂ ನೇಕಾರ. ಅಣ್ಣ ತಮ್ಮಂದಿರು ಬೇರೆಯಾಗಿ ಎಷ್ಟೋ ಕಾಲವಾಗಿತ್ತು. ನನ್ನ ದನಿ ಕೇಳಿ ಅವನೂ ಬಂದು ಬಾಗಿಲಲ್ಲಿ ನಿಂತ.

"ನಮ್ಮ ಬೀದಿ ಪದ್ಧತಿ ಸಾವ್ಕಾರ್ರೇ. ಕಾಲಿಳಿಯೋರಿಲ್ಲದ ಗುಂಡಿ ಯುಗಾದಿ ನೋಡಬಾರದು. ಮನೆಗೆ ಒಳ್ಳೇದಲ್ಲ. ಹಬ್ಬದೊಳಗೆ ಮುಚ್ಚಿ, ಮೇಲೆ ಸಾರಿಸಿಬಿಡ್ತೀವಿ. ಇವಳು ನಮ್ಮನೇಗೆ ಬಂದು ನೂಲು ಸುತ್ಕೊಂಡು ಇರ್ಲಿ. ನಾನೇನು ಕೂಳು ಹಾಕಲ್ಲ ಅಂದ್ನಾ?"

ಅವಳು ರಾಟೆ ನಿಲ್ಲಿಸಲಿಲ್ಲ. "ನಾನು ನೇಯ್ತೀನಿ ಅಂದಿದ್ದೆ," ಎಂದಳು, ಅವನಿಗಲ್ಲ, ನನಗೆ.

"ಕೇಳಿದ್ರಾ! ಧಾರೆ ಸೀರೆ ನೇಯ್ತಾಳಂತೆ, ಮುಂಡೆ ಕೈಯಲ್ಲಿ! ನಾಳೆ ಒಬ್ಬ ಗಿರಾಕಿ ಈ ಬೀದೀಗೆ ಕಾಲಿಡ್ತಾನಾ? ನೀವೇ ಹೇಳ್ರಿ, ನೀವೇ ಕೊಳ್ಳೋರು."

ನನಗೆ ಅಲ್ಲಿಂದಲೇ ಕುತೂಹಲ ಹತ್ತಿತು. ಗಂಡ ಬದುಕಿದ್ದಾಗ ಅದೇ ಕೈ ಅಂಚಿನ ಲಾಳಿ ಎಸೆದದ್ದು ಎಷ್ಟು ಮದುವೆಗಳ ಸೀರೆಗೆ! ಅದೇ ಕೈ ಅಂಚಿನ ಕಡೆಯಿಂದ ಒಂದು ಮಾರು ಸರಿದು ಗುಂಡಿಯ ಕಡೆಗೆ ಬಂದರೆ ಬೀದಿಯೇ ಮುಳುಗಿಹೋಗುತ್ತದೆಯೆ? ಇದನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ತೀರ್ಮಾನ ಮಾಡಿದರು? ನನಗೆ ಬೇರೆಯವರ ಜಗಳದಲ್ಲಿ ಸಲಹೆ ಕೊಡುವ ಚಪಲ ಮೊದಲಿನಿಂದಲೂ ಇದೆ. ಬೀದಿಯ ಹಿರಿಯರು ಅಂದು ಸಂಜೆ ಇದೇ ವಿಷಯಕ್ಕೆ ಸೇರುತ್ತಾರೆಂದು ಗೊತ್ತಾದ ಮೇಲೆ ಎತ್ತು ಕಟ್ಟಿಹಾಕಿ ಉಳಿದುಕೊಂಡೆ.

ಬೀದಿಯ ಕೊನೆಯಲ್ಲಿ ಬೇವಿನ ಮರದ ಕಟ್ಟೆ. ನಡುವೆ ಬೀದಿಯ ಯಜಮಾನ, ಮುಪ್ಪಿನ ನೇಕಾರ. ಎಷ್ಟೋ ವರ್ಷ ಗುಂಡಿಯಲ್ಲಿ ಕಾಲಿಟ್ಟು ಕೂತು ಅವನ ಮಂಡಿ ನೆಟ್ಟಗಾಗುತ್ತಿರಲಿಲ್ಲ. ಕಿವಿ ಮಾತ್ರ ಚುರುಕು. ಕಟ್ಟೆಯ ಬಳಿ ಹೆಂಗಸರು ಮಾತಾಡುವ ಪದ್ಧತಿಯಿಲ್ಲ. ಅವರ ಮಾತನ್ನು ತವರಿನ ಗಂಡಸೋ, ನಂಬಿಕೆಯವನೋ ತಂದು ಹೇಳಬೇಕು. ಅವಳ ತವರು ರಾಯದುರ್ಗದ ಆಚೆ, ಯಾರೂ ಬಂದಿರಲಿಲ್ಲ. ಹಾಗಾಗಿ ನಾನೇ ಎದ್ದೆ. ಕೊಳ್ಳುವವನೆಂದು ಯಾರೂ ತಡೆಯಲಿಲ್ಲ.

ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಎದುರಿಗಿರುವವನ ಮನಸ್ಸು ಯಾವ ಕಡೆಗೆ ಬೇಗ ಕರಗುತ್ತದೋ ಆ ಕಡೆಯಿಂದ ಮಾತು ಶುರುಮಾಡಬೇಕು. ಮುದುಕರಿಗೆ ಕನಿಕರ ಬೇಗ ಬರುತ್ತದೆಂದು ನಾನು ಲೆಕ್ಕ ಹಾಕಿದೆ. "ಯಜಮಾನರೇ, ಗಂಡನಿಲ್ಲ, ಮಕ್ಕಳಿಲ್ಲ, ಅನಾಥೆ. ಆ ಮಗ್ಗ ಒಂದು ಬಿಟ್ಟರೆ ದಿಕ್ಕಿಲ್ಲ. ನಿಮ್ಮ ಮಗಳು ಅಂದ್ಕೊಳ್ರಿ..." ಎಂದೆಲ್ಲ ಹೊಸೆದೆ. ಒಬ್ಬಿಬ್ಬರು ಹೆಗಲ ಬಟ್ಟೆಯಿಂದ ಕಣ್ಣೊರೆಸಿಕೊಂಡರು. ಯಜಮಾನ ತೆಲುಗಿನಲ್ಲಿ "ಪಾಪಂ, ಪಾಪಂ" ಎಂದ. ಗೆದ್ದೆ ಎಂದುಕೊಂಡೆ.

ತೀರ್ಮಾನವಾಯಿತು. ಬೀದಿಯ ಪ್ರತಿ ಮನೆಯವರೂ ಅವಳಿಗೆ ನೂಲು ಸುತ್ತುವ ಕೆಲಸ ಕೊಡಬೇಕು. ಹಬ್ಬಕ್ಕೆ ಮೊದಲ ಊಟ ಅವಳಿಗೆ ಹೋಗಬೇಕು. ಬಾವ ಅವಳನ್ನು ಒಂದು ಮಾತೂ ಅನ್ನಬಾರದು. ಗುಂಡಿ ಯುಗಾದಿಯೊಳಗೆ ಮುಚ್ಚಬೇಕು.

ನಾನು ಹೋಗಿ ಅವಳಿಗೆ ಹೇಳಿದೆ. ಊಟದ ವಿಷಯವನ್ನು ಮೊದಲು ಹೇಳಿದೆ, ಗುಂಡಿಯದನ್ನು ಕೊನೆಗೆ. ವ್ಯಾಪಾರಿಗಳು ಹಾಗೇ ಹೇಳುವುದು. ಅವಳು ಕೊನೆಯದನ್ನು ಮಾತ್ರ ಕೇಳಿಸಿಕೊಂಡಳು.

"ನಾನು ಏನ್ ಕೇಳಿದ್ದೆ, ಅಣ್ಣಾ?"

"ಗುಂಡಿ."

"ನೀವು ಏನ್ ಕೇಳಿದ್ರಿ?"

ನಾನು ಮಗ್ಗದ ಮೇಲಿನ ಅರ್ಧ ಸೀರೆಯ ಕಡೆ ನೋಡಿದೆ.

"ಕನಿಕರ ಕೇಳಿದ್ರಿ. ಕೊಟ್ರು. ಅವರ ತಪ್ಪೇನೈತೆ?" ಎಂದು ರಾಟೆಗೆ ಇನ್ನೊಂದು ಎಳೆ ಸೇರಿಸಿದಳು.

ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ಮಾತು ಸೋತಿರಲಿಲ್ಲ, ಗೆದ್ದಿತ್ತು. ಗೆದ್ದ ಮಾತಿಗೆ ಏನು ಸಿಗಬೇಕೋ ಅದೇ ಸಿಕ್ಕಿತ್ತು. ಕಂಬಳಿ ಎಂದು ಕೂಗಿ ಮಾರಿದವನಿಗೆ ಕಂಬಳಿ ಕೊಳ್ಳುವವರೇ ಬರುತ್ತಾರೆ, ಸೀರೆ ಕೊಳ್ಳುವವರು ಬರುವುದಿಲ್ಲ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಇದು ಕಟ್ಟೆಯ ಮೇಲೆ ಹೊಳೆಯಲಿಲ್ಲವಲ್ಲ ಎಂಬುದೇ ನನಗೆ ಸೋಜಿಗ.

ಚಳ್ಳಕೆರೆಯಲ್ಲಿ ನನ್ನ ಅಂಗಡಿಯ ಜಗಲಿಗೆ ದಿನವೂ ಒಬ್ಬ ಶಾಲೆಯ ಮೇಷ್ಟ್ರು ಬರುತ್ತಿದ್ದರು. ವಾರಪತ್ರಿಕೆ ತರಿಸಿ ಓದುವವರು, ಅದಕ್ಕೆ ಬರೆಯುವವರು ಕೂಡ. ಒಳ್ಳೆಯ ಮನುಷ್ಯ. ನಾನು ನಡೆದದ್ದನ್ನು ಹೇಳಿದೆ. ಅವರು ಕೂತಲ್ಲಿಂದ ಎದ್ದೇ ಬಿಟ್ಟರು.

"ಇದು ಹಕ್ಕಿನ ಪ್ರಶ್ನೆ, ಸ್ವಾಮೀ! ಇದನ್ನು ನಾಡಿನ ಮುಂದೆ ಇಡಬೇಕು."

ಹಕ್ಕು ಎಂಬ ಮಾತನ್ನು ನಾವು ಹೊಲಕ್ಕೆ, ಕೆರೆಯ ನೀರಿನ ಸರದಿಗೆ, ಕುರಿ ಮೇಯುವ ಕಾವಲಿಗೆ ಬಳಸುತ್ತಿದ್ದೆವು. ಒಂದು ಹೆಂಗಸು ತನ್ನ ಮನೆಯಲ್ಲಿ ಕಾಲು ಎಲ್ಲಿ ಇಳಿಬಿಡಬೇಕು ಎಂಬುದಕ್ಕೂ ಅದು ಹೊಂದುತ್ತದೆಯೆ ಎಂದು ನನಗೆ ಹೊಸದಾಗಿ ಕಂಡಿತು. ಹೊಂದುತ್ತದೆ ಎಂದೇ ಅನ್ನಿಸಿತು. ಮೇಷ್ಟ್ರೇ ಬರೆಯಲಿ, ಓದಿದವರು ಎಂದುಕೊಂಡೆ.

ಪತ್ರಿಕೆ ಬಂತು. ಮೇಷ್ಟ್ರು ಜಗಲಿಯ ಮೇಲೆ ನಿಂತು ಓದಿದರು. ಅದರಲ್ಲಿ ಹಕ್ಕು ಎಂಬ ಮಾತು ಶುರುವಿನಲ್ಲಿ ಒಂದು ಸಲ ಬಂದು ಹೋಯಿತು. ಆಮೇಲೆ ಉದ್ದಕ್ಕೂ ಕಣ್ಣೀರು. ಕತ್ತಲ ಮೂಲೆಯಲ್ಲಿ ಬಿದ್ದು ಬಿಕ್ಕುವ ಅಬಲೆ, ಅವಳ ನಿಟ್ಟುಸಿರಿಗೆ ನಡುಗುವ ದೀಪ. ಮುಂದಿನ ವಾರ ಯಾವುದೋ ದೂರದ ಪಟ್ಟಣದವರೊಬ್ಬರು ಅದಕ್ಕೆ ಉತ್ತರ ಬರೆದರು: ಇಂಥ ಲೇಖನಗಳಿಂದ ನಮ್ಮ ಸ್ತ್ರೀಯರ ಶೀಲ ಏನಾಗಬೇಕು ಎಂದು. ಅದಕ್ಕೆ ಇನ್ನೊಬ್ಬರು, ಹೆಣ್ಣುಮಕ್ಕಳಿಗೆ ಓದು ಕಲಿಸುವುದೇ ಇದಕ್ಕೆಲ್ಲ ಮದ್ದು ಎಂದು. ಅದಕ್ಕೆ ಮತ್ತೊಬ್ಬರು, ಪರದೇಶದ ಬಟ್ಟೆ ಕೊಳ್ಳುವುದು ನಿಂತರೆ ಎಲ್ಲ ಸರಿಹೋಗುತ್ತದೆ ಎಂದು. ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಬರೆದಿದ್ದರು. ನಾನು ಎಲ್ಲವನ್ನೂ ಆಸೆಯಿಂದ ಕೇಳಿದೆ, ಸಂತೆಯಲ್ಲಿ ನಾಲ್ಕು ಜನ ಒಂದೇ ಎತ್ತಿಗೆ ಬೆಲೆ ಕೂಗುವುದನ್ನು ಕೇಳಿದಂತೆ. ಆದರೆ ಅಲ್ಲಿ ಎತ್ತಾದರೂ ಕಣ್ಣೆದುರಿಗೆ ನಿಂತಿರುತ್ತದೆ.

ಹಬ್ಬ ಹತ್ತಿರ ಬಂದಿತ್ತು. ಪತ್ರಿಕೆಗಳನ್ನು ಮಡಚಿ ಸಂಚಿಗೆ ಹಾಕಿಕೊಂಡು ಗಾಡಿ ಹೂಡಿದೆ. ಬಿ.ಜಿ. ಕೆರೆಯ ಬಳಿ ಎತ್ತು ಬಿಟ್ಟು ಬುತ್ತಿ ಬಿಚ್ಚಿದಾಗ ಅಲ್ಲಿಗಾಗಲೇ ಸುದ್ದಿ ಬಂದಿತ್ತು. ಯಾರೋ ಪತ್ರಿಕೆ ಓದಿದ್ದನ್ನು ಯಾರೋ ಕೇಳಿ, ಅದು ಬಾಯಿಂದ ಬಾಯಿಗೆ ದಾಟಿತ್ತು.

"ಮೊಳಕಾಲ್ಮುರಾಗೆ ಒಬ್ಬಾಕೆ ಬಾವೀಗೆ ಬಿದ್ದಳಂತಲ್ಲ?" ಎಂದ ಒಬ್ಬ ಗಾಡಿಯವನು.

"ಬಿದ್ದಿಲ್ಲ ಕಣಪ್ಪಾ. ನಾನು ಹೋದ ತಿಂಗಳು ಮಾತಾಡ್ಸಿ ಬಂದೀನಿ."

"ನಿನಗೇನ್ಲೇ ಗೊತ್ತು? ಪೇಪರ್‌ನಾಗೆ ಹಾಕವ್ರೆ!"

"ಬಾವಿ ಅಲ್ಲ, ಗುಂಡಿ. ಮಗ್ಗದ ಗುಂಡಿ."

"ಹಂಗಾದ್ರೆ ಗುಂಡೀಗೆ ಬಿದ್ದಳಾ?"

ನಗಬೇಕೋ ಬೇಡವೋ ತಿಳಿಯದೆ ಬುತ್ತಿ ಕಟ್ಟಿದೆ.

ಮಣ್ಣಿನ ಗುಡ್ಡೆ ಹಾಗೇ ಇತ್ತು. ಅವಳಿಗೆ ಪತ್ರಿಕೆ ಓದಿ ಹೇಳಿದೆ, ಮೇಷ್ಟ್ರದ್ದು, ಆಮೇಲೆ ಉಳಿದವರದ್ದು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಅಳುತ್ತಿದ್ದಾಳೆಂದು ನೋಡಿದರೆ ನಗು.

"ದೀಪ ನಡುಗ್ತಂತಾ? ನಮ್ಮನೇಲಿ ಎಣ್ಣೆ ಉಳಿಸಾಕೆ ಬೇಗ ಮಲಗ್ತೀವಿ. ನಾನು ಅತ್ತಿದ್ದು ಅವರಿಗೆ ಯಾರು ಹೇಳಿದ್ರು?"

"ಅಂಗೆ ಬರೀತಾರೆ, ತಂಗೀ. ಓದೋರ ಮನಸ್ಸು ಕರಗಬೇಕಲ್ಲ."

"ಆಗ್ಲಿ. ಇಷ್ಟು ಜನ ಬರ್ದವ್ರಲ್ಲ, ಇದ್ರಲ್ಲಿ ಗುಂಡಿ ಎಲ್ಲೈತೆ?"

ನಾನು ಹಾಳೆಗಳನ್ನು ತಿರುವಿದೆ. ಮೇಷ್ಟ್ರ ಲೇಖನದಲ್ಲಿ "ತನ್ನ ಕಸುಬು" ಎಂದಿತ್ತು. ಉಳಿದವರಲ್ಲಿ ಅದೂ ಇರಲಿಲ್ಲ.

"ಅತ್ತಾಗ ಇಡ್ರಿ," ಎಂದಳು. "ಇವತ್ತು ಸಂಜೆ ಮತ್ತೆ ಕಟ್ಟೇಲಿ ಸೇರ್ತಾರಂತೆ. ಬೀದಿ ಮಾನ ಹೋಯ್ತು, ನಾಳೇನೇ ಮುಚ್ತೀನಿ ಅಂತ ಬಾವನೋರು ಕುಣೀತಾವ್ರೆ. ನನ್ನ ಮಾತು ಒಂದು ಹೇಳ್ತೀರಾ? ನಿಮ್ಮ ಮಾತಲ್ಲ, ನಂದು."

"ಹೇಳು."

"ಗುಂಡಿ ತೋಡ್ದಾಗ ನಮ್ಮನೆಯೋರು ಅಗೆದ್ರು, ಮಣ್ಣು ಹೊತ್ತು ಹೊರಗೆ ಹಾಕಿದ್ದು ನಾನು. ಗುಂಡಿ ನಂದು. ಅದ್ರಾಗೆ ಕೂತು ನೇಯ್ತೀನಿ. ಮುಚ್ಚಬೇಡ್ರಿ."

"ಆಮೇಲೆ?"

"ಆಮೇಲೆ ಏನಿಲ್ಲ."

"ಅಷ್ಟೇ ಹೇಳಿದ್ರೆ ಹೆಂಗೆ? ಕೀಲೆಣ್ಣೆ ಇಲ್ಲದೆ ಗಾಡಿ ಉರುಳ್ತದಾ? ಇವಳಿಗೆ ಯಾರೂ ದಿಕ್ಕಿಲ್ಲ ಅಂತ ಒಂದು ಮಾತು..."

"ನೋಡಿದ್ರಾ, ಆಗಲೇ ಸೇರ್ಸಿದ್ರಿ! ಒಂದ್ಸಲ ಹೇಳ್ರಿ ನೋಡಾನ."

ದೊಡ್ಡ ದೊಡ್ಡ ಸಾಹುಕಾರರನ್ನು ಮಾತಿನಲ್ಲಿ ಮಣಿಸಿದವನು ನಾನು, ಅವಳ ಮುಂದೆ ಶಾಲೆಯ ಹುಡುಗನಂತೆ ಒಪ್ಪಿಸಿದೆ. ಮೊದಲ ಸಲ "ಪಾಪ" ಎಂಬ ಮಾತು ಜಾರಿ ಬಂತು. ಆಮೇಲಿನ ಸಲ ಕೊನೆಗೆ "ದೊಡ್ಡ ಮನಸ್ಸು ಮಾಡಿ" ಎಂದುಬಿಟ್ಟೆ. ಅವಳು ತಲೆಯಲ್ಲಾಡಿಸಿ ಮತ್ತೆ ಹೇಳಿಸಿದಳು. ಸೇರಿಸದೆ, ಕಳೆಯದೆ ಇನ್ನೊಬ್ಬರ ಮಾತನ್ನು ಹೊತ್ತೊಯ್ಯುವುದು ಸೀರೆ ಹೊತ್ತೊಯ್ಯುವುದಕ್ಕಿಂತ ಕಷ್ಟ. ನೀವು ಯಾರ ಪರವಾಗಿಯಾದರೂ ನಾಲ್ಕು ಜನರ ಮುಂದೆ ನಿಲ್ಲುವವರಾದರೆ ಈ ಪಾಠವನ್ನು ಅವರ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಅವರ ಬಾಯಿಂದ ಬಂದದ್ದು ಯಾವುದು, ನಿಮ್ಮ ನಾಲಿಗೆಗೆ ರುಚಿಯಾದದ್ದು ಯಾವುದು, ಬೇರೆ ಬೇರೆ ಇಟ್ಟುಕೊಳ್ಳಿ.

ನಾನು ಹೊರಟಾಗ ಎದುರು ಮನೆಯಿಂದ ಬಾವನ ಹೆಂಡತಿ ಮಣ್ಣಿನ ಗುಡ್ಡೆಯ ಮೇಲೇ ಕಾಲಿಟ್ಟು ದಾಟಿ ಒಳಗೆ ಹೋದಳು. ಅವಳೂ ತನ್ನ ಗಂಡನ ಮಗ್ಗದಲ್ಲಿ ಅಂಚಿನ ಕಡೆ ಕೂರುವವಳು. ಏನೋ ಸಾಲ ಕೇಳಲು ಬಂದಿರಬೇಕು, ಹುಣಸೆಹಣ್ಣೋ ಉಪ್ಪೋ, ಎಂದುಕೊಂಡೆ.

ಕಟ್ಟೆಯ ಬಳಿ ಈ ಸಲ ಕಣ್ಣೊರೆಸುವವರು ಯಾರೂ ಇರಲಿಲ್ಲ. ಎಲ್ಲರ ಮುಖ ಬಿಗಿದಿತ್ತು. ಪತ್ರಿಕೆಯ ಸುದ್ದಿ ತಂದ ಸಿಟ್ಟು ನನ್ನ ಮೇಲೂ ಇತ್ತು.

"ಏಮಯ್ಯಾ ಸಾವ್ಕಾರ," ಎಂದ ಯಜಮಾನ, "ನಮ್ಮ ಬೀದಿನಾ ಊರೂರಾಗೆ ಮೆರವಣಿಗೆ ಮಾಡಿಸ್ದೆಯಂತಲ್ಲ. ಈಗ ಮತ್ತೇನು ತಂದೀಯಾ?"

"ಅವಳ ಮಾತು ತಂದೀನಿ. ನಂದೇನಿಲ್ಲ."

ಹೇಳಿದೆ. ಗುಂಡಿ ತೋಡಿದಾಗ ಮಣ್ಣು ಹೊತ್ತದ್ದು ಅವಳು. ಗುಂಡಿ ಅವಳದು. ಅದರಲ್ಲಿ ಕೂತು ನೇಯುತ್ತಾಳೆ. ಮುಚ್ಚಬೇಡಿ. ಅಷ್ಟಕ್ಕೆ ನಿಲ್ಲಿಸಿದೆ. ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಕೂತೆ.

ಎಲ್ಲರೂ ನನ್ನ ಮುಖ ನೋಡಿದರು, ಮುಂದಿನದಕ್ಕೆ ಕಾದರು. ಶಾಸ್ತ್ರ ಹೇಳಿದ್ದರೆ ಶಾಸ್ತ್ರದಿಂದ ಬಡಿಯುತ್ತಿದ್ದರು. ಕನಿಕರ ಕೇಳಿದ್ದರೆ ಇನ್ನೊಂದು ಹಿಡಿ ಕೊಟ್ಟು ಕಳಿಸುತ್ತಿದ್ದರು. ಇದಕ್ಕೆ ಹಿಡಿಯುವ ಜಾಗವೇ ಸಿಗಲಿಲ್ಲ.

"ಯಾಕೆ ಮುಚ್ಚಬಾರದಂತೆ?" ಎಂದ ಯಜಮಾನ.

"ಅವಳದು ಅಂತ."

"ಕೊಳ್ಳೋರು ಯಾರು?" ಬಾವ ಎದ್ದು ನಿಂತ. "ಅದು ಹೇಳ್ರಿ ಮೊದ್ಲು! ಪದ್ಧತಿ ಒಂದೈತೋ ಇಲ್ಲವೋ? ಕಾಲಿಲ್ಲದ ಗುಂಡಿ..."

ಅವನ ಮಾತು ಅಲ್ಲೇ ನಿಂತಿತು. ಬೀದಿಯ ಆ ತುದಿಯಿಂದ ಮಗ್ಗದ ಸದ್ದು ಬಂತು.

ಹಿರಿಯರೆಲ್ಲ ಕಟ್ಟೆಗೆ ಬಂದಿದ್ದರಿಂದ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಒಂದೇ ಒಂದು ಬಡಿಯುತ್ತಿತ್ತು. ನನ್ನ ಕಿವಿಗೆ ಅದು ಬರೀ ಮಗ್ಗ. ಅಲ್ಲಿದ್ದವರ ಕಿವಿಗೆ ಬೇರೆ. ಯಜಮಾನ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಕತ್ತು ವಾರೆ ಮಾಡಿ ಕೇಳಿದ.

"ಅಂಚು ನೇಯ್ತಾ ಐತೆ," ಎಂದ.

ಪಕ್ಕದವನು ತಲೆಯಾಡಿಸಿದ. ನನಗೆ ತಿಳಿಯದ್ದನ್ನು ಆಮೇಲೆ ಅವನೇ ಬಿಡಿಸಿ ಹೇಳಿದ. ಒಬ್ಬರೇ ಕೂತು ಎರಡೂ ಲಾಳಿ ಎಸೆದರೆ ಬಡಿತದ ನಡುನಡುವೆ ತಡವರಿಕೆ ಬೀಳುತ್ತದೆ. ಅಂಚಿನ ಕಡೆ ಇನ್ನೊಬ್ಬರಿದ್ದರೆ ಸದ್ದು ಒಂದೇ ಸಮನೆ ಹೋಗುತ್ತದೆ. ಇದು ಒಂದೇ ಸಮನೆ ಹೋಗುತ್ತಿತ್ತು.

"ಆ ಕಡೆ ಯಾರು ಕೂತವ್ರೆ?" ಎಂದು ಯಜಮಾನ ಕೇಳಿದ.

ಬಾವ ಇನ್ನೊಂದಷ್ಟು ಹೊತ್ತು ಸದ್ದಿಗೆ ಕಿವಿಗೊಟ್ಟ. ದಿನವೂ ತನ್ನ ಮಗ್ಗದ ಆಚೆ ಬದಿಯಿಂದ ಲಾಳಿ ಎಸೆಯುವ ಕೈ ಯಾವ ಲಯದಲ್ಲಿ ಎಸೆಯುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಕಿವಿ ಕೆಂಪಾಯಿತು. ಹಿಂದೆ ಕೂತಿದ್ದ ಒಬ್ಬ, "ಇವತ್ತು ನಿಮ್ಮನೇಲಿ ಸಾರು ಯಾರ್ಲೇ ಮಾಡೋದು?" ಎಂದ. ಒಬ್ಬರು ನಕ್ಕರು, ಇನ್ನೊಬ್ಬರು ಕೆಮ್ಮಿದರು.

"ನಾನು ಅವಳಿಗೆ ಹೇಳಿಲ್ಲ," ಎಂದ ಬಾವ.

"ನೀನು ಹೇಳಿಲ್ಲ ಅನ್ನೋದು ಸದ್ದಿನಾಗೇ ಗೊತ್ತಾಗ್ತೈತೆ. ಕೂತ್ಕೋ." ಯಜಮಾನ ನೆಟ್ಟಗಾಗದ ಮಂಡಿಯನ್ನು ತಿಕ್ಕಿಕೊಂಡ. "ನಮ್ಮ ಪದ್ಧತಿ ಏನು? ಕಾಲಿಲ್ಲದ ಗುಂಡಿ ಯುಗಾದಿ ನೋಡಬಾರದು. ಹೌದಾ? ಈಗ ಕಾಲು ಬಿದ್ದೈತೆ. ಅರ್ಧ ಆಗಿದ್ದ ಸೀರೆ ಮುಂದಕ್ಕೆ ಹೋಗ್ತೈತೆ. ಮುಚ್ಚು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಕಾಲು ಇರುವಾಗ ಮಣ್ಣು ಸುರೀತೀಯೇನ್ಲೇ?"

"ಕೊಳ್ಳೋರು...?"

"ಅದು ಸಾವ್ಕಾರನ ಪಾಡು. ಇವತ್ತು ಕೇಳಿದ್ದು ಗುಂಡಿ ಮಾತು. ಗುಂಡಿ ಮುಚ್ಚಂಗಿಲ್ಲ. ಏಳ್ರಿ, ಬೆಳಕಿರುವಾಗ ಅವರವರ ಮಗ್ಗಕ್ಕೆ ಹೋಗ್ರಿ."

ನಾನು ಓಡಿದಂತೆ ನಡೆದೆ. ಅವಳು ಗುಂಡಿಯ ಬದಿಯಲ್ಲಿ ಕೂತು ಕಾಲು ಇಳಿಬಿಟ್ಟಿದ್ದಳು. ಓರಗಿತ್ತಿ ಅಂಚಿನ ಕಡೆ. ಇಬ್ಬರೂ ತಲೆಯೆತ್ತಲಿಲ್ಲ. ಹೇಳಿದೆ.

"ಏನೂ ಸೇರ್ಸಲಿಲ್ವಲ್ಲ?" ಎಂದಳು.

"ಇಲ್ಲ."

"ನಿಜಾನಾ?" ಎಂದಳು ಓರಗಿತ್ತಿ. "ಇವರ ಕೈಲಿ ಆಯ್ತಾ?"

ಆ ಸೀರೆಯನ್ನು ನಾನೇ ಕೊಂಡೆ. ಚಳ್ಳಕೆರೆಯ ಒಂದು ಮನೆಯಲ್ಲಿ ಬಿಚ್ಚಿ ಹಾಸಿದಾಗ ಮನೆಯ ಹಿರಿಯಾಕೆ ಅಂಚನ್ನು ಬೆರಳಲ್ಲಿ ಹಿಡಿದು, "ನೇಯ್ದೋರು ಯಾರು?" ಎಂದರು. ಮೊದಲಾಗಿದ್ದರೆ ಒಂದು ಕಥೆ ಹೊಸೆಯುತ್ತಿದ್ದೆ, ಇಲ್ಲವೇ ಪುಣ್ಯ ಬರುತ್ತದೆ ಎನ್ನುತ್ತಿದ್ದೆ. "ಅರ್ಧ ಗಂಡ ನೇಯ್ದ, ತೀರಿಕೊಂಡ. ಉಳಿದರ್ಧ ಹೆಂಡತಿ," ಎಂದು ಸುಮ್ಮನಾದೆ. ಅವರು ಬಹಳ ಹೊತ್ತು ನೋಡಿದರು. ಎರಡು ಅರ್ಧ ಎಲ್ಲಿ ಸೇರಿವೆ ಎಂದು ಹುಡುಕುತ್ತಿದ್ದರೆಂದು ಕಾಣುತ್ತದೆ. ಮಗಳ ಧಾರೆಗೆ ಬೇಡ ಎಂದರು, ತಮಗೇ ಇಟ್ಟುಕೊಂಡರು. ಧಾರೆಗೆಂದೇ ಅವಳ ಕೈಯ ಸೀರೆ ಕೇಳುವವರು ಬರುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು. ಅದು ಬೇರೆ ಚೌಕಾಸಿ.

ಮೇಷ್ಟ್ರು ಮುಂದೇನಾಯಿತೆಂದು ಪತ್ರಿಕೆಗೆ ಬರೆಯಲು ಕೇಳಿದರು. ನಡೆದದ್ದನ್ನು ಹೇಳಿದೆ. ಲೇಖನಿ ಕೈಯಲ್ಲಿ ಹಿಡಿದು ಯೋಚಿಸಿದರು. "ಹೀಗೇ ಬರೆದರೆ ಓದುವವರಿಗೆ ಏನೂ ಅನ್ನಿಸುವುದಿಲ್ಲವಲ್ಲ," ಎಂದರು. ಅನ್ನಿಸುತ್ತದೋ ಇಲ್ಲವೋ ಒಮ್ಮೆ ಬರೆದು ನೋಡಿ ಎಂದೆ. ಅವರು ಬರೆಯಲಿಲ್ಲ. ಅದಕ್ಕೇ ಇಷ್ಟು ವರ್ಷದ ಮೇಲೆ ನಾನು ಬರೆದಿದ್ದೇನೆ.

ಮಳೆಗಾಲದ ಮುಂಚೆ ಮತ್ತೆ ಆ ಬೀದಿಗೆ ಹೋದಾಗ ವಾಡಿಕೆಯಂತೆ ಬಾಗಿಲ ಮುಂದೆ ನಿಂತೆ. ಗುಡ್ಡೆ ಅರ್ಧಕ್ಕೆ ಇಳಿದಿತ್ತು. ಒಳಗೆ ನೀರು ನುಗ್ಗಿ ಗುಂಡಿ ತುಂಬದಂತೆ ಆ ಮಣ್ಣಿನಿಂದಲೇ ಹೊಸ್ತಿಲ ಮುಂದೆ ಕಟ್ಟೆ ಕಟ್ಟಿ, ಸಗಣಿ ಸಾರಿಸಿದ್ದರು. ಇನ್ನೂ ಹಸಿಯಾಗಿತ್ತು.

"ದಾಟಿ ಬರ್ರಿ ಅಣ್ಣಾ, ತುಳೀಬೇಡ್ರಿ," ಎಂದು ಒಳಗಿನಿಂದ ಅವಳ ದನಿ ಬಂತು. ಮಗ್ಗ ನಿಲ್ಲಲಿಲ್ಲ.